ಎರಡನೇ ಎಕ್ಸ್‌ರೇ

ಅಜ್ಜಂಪುರದ ಮೆಣಸಿನಕಾಯಿ ಮಂಡಿ ಗಂಗಾಧರಯ್ಯನ ಮನೆಯಲ್ಲಿ ಕೆಮ್ಮದವರು ಯಾರೂ ಇರಲಿಲ್ಲ. ಮುಂಬಾಗಿಲಿನಿಂದ ಹಿತ್ತಲವರೆಗೂ ಒಣಮೆಣಸಿನಕಾಯಿ ಚೀಲ ಪೇರಿಸಿಟ್ಟ ಮನೆ ಅದು. ಬಂದ ನೆಂಟರು ಮೊದಲು ಸೀನಿ, ಆಮೇಲೆ ಕ್ಷೇಮಸಮಾಚಾರ ಕೇಳುತ್ತಿದ್ದರು. ಹಾಗಾಗಿ ಎಪ್ಪತ್ತೊಂಬತ್ತರ ಸುಗ್ಗಿಯಲ್ಲಿ ಸೊಸೆ ಮಲ್ಲಿಕಾಂಬ ಕೆಮ್ಮತೊಡಗಿದಾಗ ಯಾರೂ ತಲೆ ಎತ್ತಿ ನೋಡಲಿಲ್ಲ. ನೋಡಿದ್ದು ಸಂಜೆ ಸಂಜೆ ಅವಳ ಮೈ ಬೆಚ್ಚಗಾಗತೊಡಗಿ, ರವಿಕೆಯ ತೋಳು ಸಡಿಲವಾದ ಮೇಲೆ. ಐದು ತಿಂಗಳ ಬಸುರಿ ಮೈ ತುಂಬಿಕೊಳ್ಳಬೇಕು. ಇವಳು ಕರಗುತ್ತಿದ್ದಳು.

ಕ್ಷಯ ಎಂಬ ಮಾತನ್ನು ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡಲಿಲ್ಲ. ಅತ್ತೆ ತೀರ್ಥಮ್ಮ ಆಡದೆಯೇ ಕೆಲಸ ನಡೆಸಿದಳು. ಒಂದು ದಿನ ಒಂದು ಸ್ಟೀಲ್ ತಟ್ಟೆ ತಂದು ಮಗ ಬೆನಕಪ್ಪನ ಕೈಗೆ ಕೊಟ್ಟಳು.

"ಇದಕ್ಕೊಂದು ಗುರುತು ಹಾಕೋ. ಉಳಿದವುಕ್ಕೆ ಬೆರಕೆ ಆಗ್ಬಾರ್ದು."

"ಎಂಥ ಗುರುತವ್ವ?"

"ಅಂಚಿಗೆ ಒಂದು ಕಚ್ಚು ಹಾಕು. ಅಂಗಡೀಲಿ ಅರ ಐತಲ್ಲ."

ಬೆನಕಪ್ಪ ಜಗಲಿಯ ಮೇಲೆ ಕೂತು ಅರದಿಂದ ತಟ್ಟೆಯ ಅಂಚನ್ನು ತೀಡಿದ. ಹತ್ತಿರದಲ್ಲೇ ಮಲ್ಲಿಕಾಂಬ ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದಳು. ಆ ಸದ್ದಿಗೆ ಅವಳ ಹಲ್ಲು ಚುಳ್ಳೆಂದಿತು. ಕಚ್ಚು ಬಿದ್ದ ಮೇಲೆ ಅವನು ಅದರ ಮೇಲೆ ಹೆಬ್ಬೆರಳು ಆಡಿಸಿ ಹೆಂಡತಿಗೆ ತೋರಿಸಿದ.

"ಚುಚ್ಚಲ್ಲ ನೋಡು," ಎಂದ. ದೊಡ್ಡ ಉಪಕಾರ ಮಾಡಿದವನ ಹಾಗೆ.

ಅವತ್ತಿನಿಂದ ಅವಳ ಊಟ ಹಿತ್ತಲ ಕೋಣೆಯ ಹೊಸ್ತಿಲಲ್ಲಿ. ಮೊದಲು ಈರುಳ್ಳಿ ಹಾಕುತ್ತಿದ್ದ ಕೋಣೆ ಅದು. ಹಾಸಿದ ಚಾಪೆಗೂ ಈರುಳ್ಳಿಯ ವಾಸನೆ. ತಟ್ಟೆ ಹೊಸ್ತಿಲಾಚೆ ಇಟ್ಟು ಅವಳು ಹಿಂದೆ ಸರಿಯಬೇಕು. ತೀರ್ಥಮ್ಮ ಬಂದು ಮುದ್ದೆಯನ್ನು ಮೇಲಿಂದ ಬಿಡುವಳು, ಸಾರನ್ನು ಎತ್ತರದಿಂದ ಸುರಿಯುವಳು. ಸೌಟು ತಾಗಬಾರದು. ಸಾರು ಚಿಮ್ಮಿ ಸೀರೆಯ ನೆರಿಗೆಗೆ ಬೀಳುತ್ತಿತ್ತು. ಅಡುಗೆಮನೆ ನಿಂತಿತು, ನೀರಿನ ಕೊಡ ಮುಟ್ಟುವುದು ನಿಂತಿತು. ಅಂಗಳ ಗುಡಿಸುವುದು, ತೊಟ್ಟು ಮುರಿಯುವುದು, ಸಗಣಿ ಬಾಚುವುದು ಮಾತ್ರ ನಿಲ್ಲಲಿಲ್ಲ. ಕಸಬರಿಕೆಗೆ ಯಾರ ಕೆಮ್ಮೂ ಅಂಟುವುದಿಲ್ಲವಲ್ಲ.

ತವರಿಗೆ ಹೋಗೋಣವೆಂದರೆ ಚೌಳಹಿರಿಯೂರಿನಲ್ಲಿ ಅಪ್ಪ ಮಲ್ಲಿಕಾರ್ಜುನಪ್ಪನೇ ಅವಳ ಅಣ್ಣನ ಹೆಂಡತಿಯ ಕೈ ಊಟ ಉಣ್ಣುತ್ತಿದ್ದ. ಒಮ್ಮೆ ಬಂದು ಹೊಸ್ತಿಲಾಚೆಯೇ ಕೂತು, "ಹುಷಾರಾಗ್ಲಿ ಕಣವ್ವ, ಆಮೇಲೆ ಕರ್ಕೊಂಡೋಗ್ತೀನಿ," ಎಂದು ಹೋದ. ತಂದಿದ್ದ ಕೊಬ್ಬರಿ ಮಿಠಾಯಿಯನ್ನು ಅವಳ ಕೈಗೆ ಕೊಡದೆ ತೀರ್ಥಮ್ಮನ ಕೈಗೆ ಕೊಟ್ಟ.

ಊರಿನ ಲೇಡಿ ಡಾಕ್ಟರ್ ಜಯಲಕ್ಷ್ಮಮ್ಮ ಎರಡು ಸಲ ಕಫ ನೋಡಿಸಿದರು. ಏನೂ ಸಿಗಲಿಲ್ಲ. ಜ್ವರವೂ ಬಿಡಲಿಲ್ಲ. ಮೂರನೇ ಸಲ ಅತ್ತೆ, ಮಾವ, ಗಂಡ ಎಲ್ಲರನ್ನೂ ಕೂರಿಸಿಕೊಂಡು, "ತರೀಕೆರೆಗೆ ಹೋಗಿ ಎದೆದು ಎಕ್ಸ್‌ರೇ ತೆಗೆಸ್ಕೊಂಡು ಬನ್ನಿ," ಎಂದರು.

ತೀರ್ಥಮ್ಮ ಸೆರಗು ಬಿಗಿದು ಕೂತಳು. "ಬಸುರಿಗಾ? ಬೀರೂರಲ್ಲಿ ಒಬ್ಬಳಿಗೆ ತೆಗೆದ್ರಂತೆ. ಕೂಸಿಗೆ ಆರು ಬೆರಳು."

"ನಮ್ಮ ದೊಡ್ಡಪ್ಪಂಗೂ ಆರು ಬೆರಳಿದ್ವು," ಎಂದ ಗಂಗಾಧರಯ್ಯ. "ಅವನು ಸಾಯೋವರ್ಗೂ ಕರೆಂಟ್ ದೀಪಾನೇ ನೋಡಿರ್ಲಿಲ್ಲ."

"ನಿಮ್ಮ ವಂಶದ ಮಾತು ಇಲ್ಲಿ ಬ್ಯಾಡ."

ಡಾಕ್ಟರು ನಗಲಿಲ್ಲ. "ನೋಡೀಮ್ಮ, ಅಪಾಯವೇ ಇಲ್ಲ ಅಂತ ನಾನು ಸುಳ್ಳು ಹೇಳಲ್ಲ. ಬಸುರಿ ಅಲ್ದಿದ್ರೆ ಮೊದಲ್ನೇ ದಿನವೇ ಬರ್ಕೊಡ್ತಿದ್ದೆ. ಬಸುರಿ ಅಂತಾನೇ ಇಷ್ಟು ದಿನ ತಡೆದೆ. ಎದೆದು ಒಂದು ಫೋಟೋ ತೆಗೆದ್ರೆ ಹೊಟ್ಟೆಗೆ ಹೋಗೋ ಕಿರಣ ಬಹಳ ಕಮ್ಮಿ. ಹೊಟ್ಟೆ ಮೇಲೆ ಸೀಸದ ಹೊದಿಕೆ ಬೇರೆ ಹಾಕ್ತಾರೆ. ಕ್ಷಯ ಇದ್ದು ಅದನ್ನ ಹಂಗೇ ಬಿಟ್ರೆ ತಾಯಿಗೂ ಮಗೂಗೂ ಆಗೋ ಕೇಡಿದೆಯಲ್ಲ, ಅದರ ಮುಂದೆ ಇದು ಏನೂ ಅಲ್ಲ."

"ಫೋಟೋ ಗೀಟೋ ಇಲ್ದೇನೇ ಮಾತ್ರೆ ಕೊಟ್ಬಿಡಿ ಮೇಡಮ್," ಎಂದ ಬೆನಕಪ್ಪ.

"ಒಂದೂವರೆ ವರ್ಷ ನುಂಗೋ ಮಾತ್ರೆ ಕಣಪ್ಪ ಅದು. ಇದೆಯೋ ಇಲ್ಲವೋ ಗೊತ್ತಿಲ್ಲದ ಕಾಯಿಲೆಗೆ ಬಸುರಿ ಬಾಯಿಗೆ ಸುರಿಯೋಕಾಗುತ್ತಾ?"

ಮಲ್ಲಿಕಾಂಬ ಬಾಗಿಲ ಬಳಿ ನಿಂತೇ ಇದ್ದಳು. ಅವಳನ್ನು ಯಾರೂ ಏನೂ ಕೇಳಲಿಲ್ಲ.

ಮನೆಯಲ್ಲಿ ಒಂದು ವಾರ ಇದೇ ಮಾತು. ಉಣ್ಣುವಾಗ ಅಡುಗೆಮನೆಯಲ್ಲಿ ಜಗಳ, ಹಿತ್ತಲ ಹೊಸ್ತಿಲಲ್ಲಿ ಕೂತವಳ ಕಿವಿಗೆ ಅದರ ಚೂರುಪಾರು. ತಕ್ಕಡಿ ಹಿಡಿದೇ ಬದುಕಿದ ಗಂಗಾಧರಯ್ಯನೂ ಈ ವ್ಯವಹಾರದಲ್ಲಿ ಮುಳ್ಳು ಎತ್ತ ವಾಲುತ್ತದೆಂದು ಹೇಳಲಾರದೆ, "ಡಾಕ್ಟ್ರು ಹೇಳಿದ್ದೂ ಸರಿ, ನೀನು ಹೇಳೋದೂ ಸರಿ," ಎನ್ನುತ್ತಿದ್ದ. "ಹಂಗಾದ್ರೆ ನೀವು ಹೇಳೋದೇನು?" ಎಂದರೆ ಮಜ್ಜಿಗೆ ಕೇಳುತ್ತಿದ್ದ.

ಆ ವಾರವೇ ಬೆನಕಪ್ಪನ ಅಕ್ಕ ಹಾಲಮ್ಮ ಸಿಂಗಟಗೆರೆಯಿಂದ ಬಂದಳು. ತೆಂಗಿನಕಾಯಿ ಚೀಲ ಇಳಿಸಿ, ಬಾಯಿತುಂಬ ಎಲೆಯಡಿಕೆ ಹಾಕಿಕೊಂಡು ಹಿತ್ತಲ ಕೋಣೆಗೆ ದೂರದಿಂದಲೇ ಕೂಗಿದಳು. ಕೆಟ್ಟವಳಲ್ಲ ಹಾಲಮ್ಮ. ಅವಳ ಒಳ್ಳೆಯತನಕ್ಕೆ ಗಂಟಲು ದೊಡ್ಡದು, ಅಷ್ಟೇ.

"ಏನೂ ಯೋಚ್ನೆ ಮಾಡ್ಬ್ಯಾಡ ಕಣೇ ಮಲ್ಲಿಕಾಂಬ. ಫೋಟೋನೂ ಬ್ಯಾಡ, ಗೀಟೋನೂ ಬ್ಯಾಡ. ಕೂಸು ಹುಟ್ಟಿದ ದಿನವೇ ನಾನು ಒಯ್ತೀನಿ. ನಮ್ಮನೇಲಿ ಕರೆಯೋ ಎಮ್ಮೆ ಐತೆ. ನಿನ್ನ ಕೆಮ್ಮು ಯಾವಾಗ ಹೋಗುತ್ತೋ ಆವಾಗ ಬಂದು ನೋಡ್ಕೋ."

"ಹೋಗ್ದಿದ್ರೆ?"

"ಹೋಗ್ದಿದ್ರೆ ನಾನಿದ್ದೀನಲ್ಲ."

ತೀರ್ಥಮ್ಮ ಒಳಗಿನಿಂದ, "ಅದೇ ಸರಿ," ಎಂದಳು. ಆಗ ಮಲ್ಲಿಕಾಂಬ ಮೊರ ಕೆಳಗಿಟ್ಟು ಎದ್ದು ನಿಂತಳು. ಆ ಮನೆಗೆ ಬಂದ ಮೇಲೆ ಅವಳು ಜೋರಾಗಿ ಆಡಿದ ಮೊದಲ ಮಾತು ಅದೇ ಇರಬೇಕು.

"ನಾನು ಎಕ್ಸ್‌ರೇ ತೆಗೆಸ್ತೀನಿ. ಇದ್ರೆ ಐತೆ ಅಂತ ಗೊತ್ತಾಗ್ಲಿ, ಮಾತ್ರೆ ನುಂಗ್ತೀನಿ. ಇಲ್ಲ ಅಂದ್ರೆ ಇಲ್ಲ ಅಂತಾಗ್ಲಿ. ಗೊತ್ತಿಲ್ದೇನೇ ಕೂಸು ಕೊಡಲ್ಲ."

"ಕೂಸಿಗೆ ಏನಾದ್ರೂ ಆದ್ರೆ?" ಎಂದಳು ತೀರ್ಥಮ್ಮ.

"ಆದ್ರೆ ನನ್ನ ಕೂಸಿಗೇ ತಾನೇ ಆಗೋದು ಅತ್ತೆ."

ತರೀಕೆರೆಗೆ ಹೊರಡುವ ಬೆಳಗ್ಗೆ ತೀರ್ಥಮ್ಮ ಕೋಣೆಯ ಬಾಗಿಲಿಗೆ ಬಂದಳು. ಕತ್ತಿನಲ್ಲಿ ಲೋಹ ಏನೂ ಇರಬಾರದೆಂದು ಡಾಕ್ಟರು ಹೇಳಿದ್ದರು. ತಾಳಿಗೆ ಬದಲು ಹಳದಿ ದಾರಕ್ಕೆ ಅರಿಸಿನದ ಕೊಂಬು ಕಟ್ಟಿ ತಂದಿದ್ದಳು. ತಾಳಿಗಾದರೆ ಬದಲು ಉಂಟು. ಆದರೆ ಅದು ಲಿಂಗವಂತರ ಮನೆ. ಎಲ್ಲರ ಎದೆಯ ಮೇಲೂ ಬೆಳ್ಳಿಯ ಕರಡಿಗೆಯೊಳಗೆ ಇಷ್ಟಲಿಂಗ. ಸ್ನಾನಕ್ಕಾಗಲಿ ನಿದ್ದೆಗಾಗಲಿ ಅದು ಮೈ ಬಿಡುವಂತಿಲ್ಲ.

"ತಾಳಿ ತೆಗಿ. ಲಿಂಗ ಮಾತ್ರ ತೆಗೀಬ್ಯಾಡ," ಎಂದು ತಗ್ಗಿದ ದನಿಯಲ್ಲಿ ಹೇಳಿದಳು ತೀರ್ಥಮ್ಮ. "ಲಿಂಗ ಬಿಟ್ಟ ಮೈ ಹೆಣ ಇದ್ದಂಗೆ. ಬಸುರಿ ಬೇರೆ. ಎಲ್ಲಾದ್ರೂ ಒಳಗೆ ಸೇರಿಸ್ಕೋ, ಫೋಟೋ ತೆಗೆಯೋನಿಗೇನು ಗೊತ್ತಾಗುತ್ತೆ."

ತರೀಕೆರೆಯಲ್ಲಿ ಎಕ್ಸ್‌ರೇ ತೆಗೆಯುವ ಚೌಡಪ್ಪ ಪರದೆಯಾಚೆಯಿಂದಲೇ ಕೇಳಿದ, "ಕತ್ತಲ್ಲಿ ಇರೋದೆಲ್ಲ ತೆಗೆದ್ರಾ ತಾಯಿ?" ಮಲ್ಲಿಕಾಂಬ, "ಹೂಂ," ಎಂದಳು. ಶಿವದಾರವನ್ನು ಗಿಡ್ಡ ಮಾಡಿ ಕರಡಿಗೆಯನ್ನು ಬಲಗಡೆ ಹೆಗಲೆಲುಬಿನ ಕೆಳಗೆ ಒತ್ತಿ, ಅವರು ಕೊಟ್ಟ ಬಿಳಿ ನಿಲುವಂಗಿಯ ಕಸೆಯಲ್ಲಿ ಬಿಗಿದಿದ್ದಳು. ಪರಗಂಡಸು ಮುಟ್ಟಿ ನೋಡುತ್ತಾನೆಯೇ? ಸೀಸದ ಹೊದಿಕೆ ಹೊಟ್ಟೆಯ ಮೇಲೆ ಮೂಟೆಯ ಹಾಗೆ ಕೂತಿತು. ತಣ್ಣನೆಯ ಹಲಗೆಗೆ ಎದೆ ಒತ್ತಿ ನಿಂತಳು. ಒಳಗೆ ಕೂಸು ಒಮ್ಮೆ ಮಗ್ಗುಲು ಬದಲಿಸಿತು. "ಉಸಿರು ಎಳ್ಕೊಳಿ. ಹಿಡ್ಕೊಳಿ." ಗಕ್ಕೆಂದು ಒಂದು ಸದ್ದು. ಅಷ್ಟೇ. ಇಷ್ಟಕ್ಕೆ ಇಡೀ ಮನೆ ಒಂದು ವಾರ ಉರಿದಿತ್ತು.

ಮರುದಿನ ಜಯಲಕ್ಷ್ಮಮ್ಮ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಅದನ್ನು ಬೆನಕಪ್ಪನ ಕಡೆ ತಿರುಗಿಸಿದರು. ಪಕ್ಕೆಲುಬುಗಳ ನಡುವೆ, ಬಲಗಡೆ ಮೇಲ್ತುದಿಯಲ್ಲಿ, ಕೋಳಿಮೊಟ್ಟೆಯಂಥ ಅಚ್ಚಬಿಳಿ ಆಕಾರ ಕೂತಿತ್ತು.

"ಇದೇನಪ್ಪ?"

ಬೆನಕಪ್ಪನಿಗೆ ತನ್ನ ಎದೆಯ ಮೇಲಿನದೇ ಗುರುತು ಸಿಕ್ಕಿತು. "ಕರಡಿಗೆ," ಎಂದ.

"ನನಗೆ ಅನುಮಾನ ಇದ್ದ ಜಾಗದ ಮೇಲೇ ಕೂತಿದೆ. ಉಳಿದದ್ದೆಲ್ಲ ಚೆನ್ನಾಗಿ ಕಾಣುತ್ತೆ, ಬೇಕಾದ್ದು ಮಾತ್ರ ಕಾಣಲ್ಲ. ಅಪಾಯ ತಗೊಂಡ್ವಿ, ಲಾಭ ತಗೊಳ್ಳಲಿಲ್ಲ."

"ಹಂಗಾದ್ರೆ ಇನ್ನೊಂದು ತೆಗೆಸ್ಲಾ? ಪಕ್ಕದಿಂದ್ಲೂ ಒಂದು, ಒಟ್ಟಿಗೇ?"

"ಇದೇನು ದೀಪಾವಳಿ ಪಟಾಕಿನಾ, ಒಂದು ಹತ್ತಲಿಲ್ಲ ಅಂತ ಇನ್ನೆರಡು ಹಚ್ಚೋಕೆ? ಬೇಕಾದ್ದು ಒಂದೇ, ಹೆಚ್ಚಿಗೆ ಒಂದೂ ಬೇಡ. ಹದಿನೈದು ದಿನ ನೋಡೋಣ. ಇನ್ನೊಂದು ಸಲ ಕಫ ಕೊಡಿ. ಆಗ್ಲೂ ಜ್ವರ ಬಿಡ್ದಿದ್ರೆ ತೆಗೆಸ್ಲೇಬೇಕು."

ಆ ಸಂಜೆ ಮನೆಯಲ್ಲಿ ಹುರುಳಿ ಸಾರು ಕುದಿಯುತ್ತಿತ್ತು. ತೀರ್ಥಮ್ಮ ಒಲೆಯ ಮುಂದೆ ಮುದ್ದೆ ತಿರುವುತ್ತಿದ್ದಳು. ಬೆನಕಪ್ಪ ನಡುಮನೆಯಲ್ಲಿ ನಿಂತು ಹಿತ್ತಲ ಕಡೆಗೆ ಕೂಗಾಡಿದ.

"ಅಷ್ಟು ಬಡ್ಕೊಂಡ್ರಲ್ಲೇ ಡಾಕ್ಟ್ರು, ಏನೂ ಇರ್ಬಾರ್ದು ಅಂತ! ಕೂಸಿನ ಮೈಮೇಲೆ ದಂಡಕ್ಕೆ ಒಂದು ಕಿರಣ ಬಿಡಿಸ್ದಂಗಾಯ್ತು. ಬುದ್ಧಿ ಎಲ್ಲಿಟ್ಟಿದ್ದೆ?"

ಮಲ್ಲಿಕಾಂಬ ಅಡುಗೆಮನೆಯ ಬಾಗಿಲನ್ನು ನೋಡಿದಳು. ಒಂದು ಮಾತು ಬರುತ್ತದೆಂದು ಕಾದಳು. ಕೋಲು ಪಾತ್ರೆಯೊಳಗೆ ತಿರುಗುವ ಸದ್ದು ಬಂತು, ಮಾತು ಬರಲಿಲ್ಲ.

"ಹೋಗ್ಲಿ ಬಿಡೋ, ಹೆಣ್ಣೆಂಗಸು, ಹೆದರಿರ್ತಾಳೆ," ಎಂದ ಗಂಗಾಧರಯ್ಯ.

"ಹೆದರಿದ್ರೆ ಸುಳ್ಳು ಹೇಳ್ಬೇಕಾ? ತೆಗೆದೆ ಅಂದ್ಲಂತೆ."

ಆಗಲೂ ಕೋಲಿನ ಸದ್ದೇ. ಅತ್ತೆ ಊಟಕ್ಕೆ ಬಂದಾಗ ಸಾರನ್ನು ಎಂದಿಗಿಂತಲೂ ಎತ್ತರದಿಂದ ಸುರಿದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಅಂದು ಮಲ್ಲಿಕಾಂಬ ಉಂಡು, ತಟ್ಟೆ ತೊಳೆದು, ಗೋಡೆಗೆ ಒರಗಿ ಕೂತಳು. ಕಾಯಿಲೆಗಿಂತ, ಕಿರಣಕ್ಕಿಂತ ಅವಳನ್ನು ಸುಟ್ಟದ್ದು ಆ ಮಾತಿಲ್ಲದ ಒಲೆ.

ಹದಿನೈದು ದಿನದಲ್ಲಿ ಏನೇನೂ ಬದಲಾಗಲಿಲ್ಲ. ಕಫದಲ್ಲಿ ಸಿಗಲಿಲ್ಲ, ಜ್ವರ ಬಿಡಲಿಲ್ಲ. ಬೆನಕಪ್ಪ ಶಿವಮೊಗ್ಗದ ಮಾರುಕಟ್ಟೆಗೆ ಲೋಡು ಹೊಡೆಸಬೇಕೆಂದು ಒಂದು ನೆಪ ತೆಗೆದ. ಎರಡನೇ ಎಕ್ಸ್‌ರೇಗೆ ತಾನು ಕಾರಣನೆನಿಸಿಕೊಳ್ಳಲು ಅವನಿಗೆ ಮನಸ್ಸಿರಲಿಲ್ಲ. ಒಬ್ಬಳೇ ಹೋಗುತ್ತೇನೆಂದು ಮಲ್ಲಿಕಾಂಬ ಚೀಲ ತೆಗೆದುಕೊಂಡು ಬಸ್ ನಿಲ್ದಾಣಕ್ಕೆ ನಡೆದಳು. ಬಸ್ಸು ಹೊರಡುವಾಗ ಮುಂದಿನ ಬಾಗಿಲಿನಿಂದ ತೀರ್ಥಮ್ಮ ಹತ್ತಿದಳು. ಹತ್ತಿ, ಸೊಸೆಯ ಪಕ್ಕ ಕೂರದೆ ಎರಡು ಸೀಟು ಮುಂದೆ ಕೂತಳು. ತರೀಕೆರೆ ಬರುವವರೆಗೂ ತಿರುಗಿ ನೋಡಲಿಲ್ಲ.

ಎಕ್ಸ್‌ರೇ ಕೋಣೆಯ ಪರದೆಯೊಳಕ್ಕೆ ಮಾತ್ರ ಹಿಂದೆಯೇ ಬಂದಳು. ಸೊಸೆಯ ಕತ್ತಿನ ಶಿವದಾರಕ್ಕೆ ಕೈ ಹಾಕಿದಳು.

"ಕರಡಿಗೆ ನಂಗೆ ಕೊಡು. ಲಿಂಗ ಅಂಗೈಗೆ ತಗೋ. ದಿನಾ ಪೂಜೆಗೆ ಕೈಮೇಲೆ ಇಟ್ಕೊಳ್ಳಲ್ವಾ? ಮುಷ್ಟಿ ಕಟ್ಟು. ಕೈಲಿದ್ರೂ ಮೈಮೇಲೆ ಇದ್ದಂಗೇನೇ."

ಮಲ್ಲಿಕಾಂಬ ಮುಷ್ಟಿ ಕಟ್ಟಿದಳು. ಬಹಳ ದಿನದ ಮೇಲೆ ಅತ್ತೆಯ ಬೆರಳು ಅವಳ ಮೈಗೆ ತಾಗಿದ್ದವು.

"ಈ ಮಾತು ಹೋದ ಸಲ ಹೊಳೀಲಿಲ್ವಾ ಅತ್ತೆ?"

"ಹೋದ ಸಲ ನಾನು ಬಂದಿರ್ಲಿಲ್ಲ."

"ಮನೇಲಾದ್ರೂ ಹೇಳ್ಬೋದಿತ್ತು, ನೀವೇ ಅಂದಿದ್ದು ಅಂತ."

ತೀರ್ಥಮ್ಮ ಖಾಲಿ ಕರಡಿಗೆಯನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು. "ಅವನ ಬಾಯಿ ನಿಂಗೊತ್ತಿಲ್ವಾ? ನಾನು ಈ ವಯಸ್ಸಲ್ಲಿ ಮಗನ ಕೈಲಿ ಅನ್ನಿಸ್ಕೊಳ್ಲಾ?" ಎಂದಳು. "ಉಸಿರು ಸರಿಯಾಗಿ ಹಿಡಿ. ಮೂರನೇದಕ್ಕೆ ನಾನು ಬರಲ್ಲ."

ಮಲ್ಲಿಕಾಂಬ ಮುಷ್ಟಿಯನ್ನು ಸೊಂಟಕ್ಕೆ ಒತ್ತಿ, ಸೀಸದ ಭಾರ ಹೊತ್ತು, ಹಲಗೆಗೆ ಎದೆ ಕೊಟ್ಟು ನಿಂತಳು. ಮತ್ತೆ ಅದೇ ಗಕ್ಕೆಂಬ ಸದ್ದು.

ಈ ಸಲದ ಫಿಲ್ಮಿನಲ್ಲಿ ಆ ಮೊಟ್ಟೆ ಇರಲಿಲ್ಲ. ಅದು ಕೂತಿದ್ದ ಜಾಗದಲ್ಲಿ ಹತ್ತಿ ಹಿಂಜಿ ಒತ್ತಿದಂಥ ಒಂದು ಸಣ್ಣ ಮಚ್ಚೆ ಇತ್ತು. ಜಯಲಕ್ಷ್ಮಮ್ಮ ಅದರ ಸುತ್ತ ಪೆನ್ನಿನ ತುದಿಯಿಂದ ಗೆರೆ ಎಳೆದಂತೆ ಗಾಳಿಯಲ್ಲಿ ತೋರಿಸಿದರು.

"ಕ್ಷಯಾನೇ. ಆದ್ರೆ ಈಗ್ತಾನೇ ಶುರು. ಹೆರಿಗೆವರೆಗೂ ಬಿಟ್ಟಿದ್ರೆ ಇಷ್ಟಕ್ಕೆ ನಿಲ್ತಿರಲಿಲ್ಲ. ಇವತ್ತಿಂದ್ಲೇ ಮಾತ್ರೆ. ಇಂಜೆಕ್ಷನ್ ಒಂದಿದೆ, ಅದು ಮಗು ಕಿವಿಗೆ ಒಳ್ಳೇದಲ್ಲ, ಅದನ್ನ ಕೊಡಲ್ಲ. ಬರೀ ಮಾತ್ರೆ, ಒಂದು ದಿನವೂ ತಪ್ಪಬಾರ್ದು."

"ಮಗು?" ಎಂದಳು ಮಲ್ಲಿಕಾಂಬ.

"ಮಗು ಏನು? ನಿನ್ನ ಕಫದಲ್ಲಿ ಏನೂ ಇಲ್ಲ, ಮಾತ್ರೆ ತಗೊಂತಿರ್ತೀಯ. ಮಗು ನಿನ್ನ ಹತ್ರಾನೇ ಇರುತ್ತೆ. ಹಾಲೂ ನೀನೇ ಕೊಡು. ಒಂದು ತಿಂಗಳು ಕಳೀಲಿ, ಊಟಾನೂ ಎಲ್ಲರ ಜೊತೆ ಮಾಡು."

"ಕಿರಣ ತಾಗಿದ್ದು?" ಎಂದಳು ತೀರ್ಥಮ್ಮ.

"ಎರಡು ಸಲ ಸೇರಿದ್ರೂ ಬಹಳ ಕಮ್ಮಿಯೇ. ನಾನು ಹೆದರ್ತಿಲ್ಲ. ನೀವು ಹೆದರ್ಬೇಡಿ ಅಂದ್ರೆ ಕೇಳ್ತೀರಾ? ಕೇಳಲ್ಲ. ಹುಟ್ಟಿದ ಮೇಲೆ ಬೆರಳು ಎಣಿಸ್ಕೊಳ್ಳಿ."

ಜ್ವರ ಒಂದೆರಡು ವಾರದಲ್ಲಿ ಇಳಿಯಿತು. ಮುಖಕ್ಕೆ ಬಣ್ಣ ಬಂತು. ತಿಂಗಳು ಕಳೆಯಿತು, ತಟ್ಟೆ ಮಾತ್ರ ಹಿತ್ತಲಲ್ಲೇ ಉಳಿಯಿತು. ಯಾರೂ ಬೇಡ ಎನ್ನಲಿಲ್ಲ, ಬಾ ಎಂದೂ ಅನ್ನಲಿಲ್ಲ. ಮನೆಗೆ ಅದು ರೂಢಿಯಾಗಿತ್ತು. ಬೆನಕಪ್ಪ ರಾತ್ರಿಯ ಊಟ ಮುಗಿಸಿ ಹಿತ್ತಲಿಗೆ ಕೈ ತೊಳೆಯಲು ಬಂದಾಗ, "ಮಾತ್ರೆ ನುಂಗ್ದಾ?" ಎಂದು ಕೇಳುವನು. "ಹೂಂ." ಅಲ್ಲಿಗೆ ಗಂಡಹೆಂಡಿರ ಮಾತು ಮುಗಿಯಿತು.

ಎಂಟನೇ ತಿಂಗಳಲ್ಲಿ ಅವರಲ್ಲಿ ಹೊಟ್ಟೆಯೊಳಗಿನ ಕೂಸಿಗೂ ಲಿಂಗ ಕಟ್ಟಿಸುತ್ತಾರೆ. ಹುಟ್ಟುವವರೆಗೆ ತಾಯಿಯೇ ಅದನ್ನು ತನ್ನ ಲಿಂಗದ ಜೊತೆ ಹೊತ್ತಿರಬೇಕು. ಮಠದಿಂದ ಅಯ್ಯನವರು ಬಂದರು. ಹಾಲಮ್ಮನೂ ಬಂದಳು, ಜೊತೆಗೆ ಕೂಸಿನ ಕುಲಾವಿ, ಹಾಲಿನ ಬಾಟ್ಲಿ.

"ಡಾಕ್ಟ್ರು ಏನಾದ್ರೂ ಹೇಳ್ಲಿ," ಎಂದಳು ಹಾಲಮ್ಮ. "ಎರಡೆರಡು ಸಲ ಕಿರಣ ಬಿಡಿಸ್ಕೊಂಡು, ಮೇಲೆ ಆ ಕಾಯ್ಲೆ. ಅವ್ವ, ಕೂಸು ನಾನು ಒಯ್ಯೋದು ಅಂತ ಆವತ್ತೇ ಮಾತಾಗೈತೆ."

ಮಲ್ಲಿಕಾಂಬ ಮಣೆಯ ಮೇಲೆ ಕೂತಿದ್ದಳು. ಉಸಿರು ಎಳೆದು ಹಿಡಿದುಕೊಂಡಿದ್ದಳು, ಆ ಹಲಗೆಯ ಮುಂದೆ ನಿಂತ ಹಾಗೆಯೇ. ಅಯ್ಯನವರು ಪುಟ್ಟ ಲಿಂಗವನ್ನು ತೀರ್ಥಮ್ಮನ ಕೈಗೆ ಕೊಟ್ಟರು. ತೀರ್ಥಮ್ಮ ಅದನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ, ಸೊಸೆಯ ಹಿಂದೆ ನಿಂತು, ದಾರದ ಗಂಟನ್ನು ಎಳೆದೆಳೆದು ಬಿಗಿ ಮಾಡಿದಳು.

"ಲಿಂಗ ಎಲ್ಲೈತೋ ಕೂಸು ಅಲ್ಲೇ ಇರುತ್ತೆ," ಎಂದಳು. "ನಿನ್ನ ಎಮ್ಮೆ ಹಾಲು ನಿನ್ನ ಗಂಡಂಗೆ ಕುಡಿಸು ಹೋಗು."

"ಅಲ್ಲವ್ವ, ನೀನೇ ತಾನೇ ಅದೇ ಸರಿ ಅಂದೋಳು?"

"ಆವಾಗ ಫೋಟೋ ಬಂದಿರ್ಲಿಲ್ಲ."

ಹೆಣ್ಣು ಕೂಸು ಹುಟ್ಟಿತು, ಮಳೆಗಾಲದ ಶುರುವಿನಲ್ಲಿ. ತೀರ್ಥಮ್ಮ ಕೈಯ ಬೆರಳು ಎಣಿಸಿದಳು, ಕಾಲಿನದು ಎಣಿಸಿದಳು, ಬೆನ್ನು ತಿರುಗಿಸಿ ನೋಡಿದಳು. ಕಿವಿಯ ಹತ್ತಿರ ಬಟ್ಟಲು ಬಡಿದಳು. ಕೂಸು ಬೆಚ್ಚಿ ಅತ್ತಿತು. "ಗಂಟ್ಲು ಮಾತ್ರ ಹಾಲಮ್ಮಂದೇ," ಎಂದ ಗಂಗಾಧರಯ್ಯ.

ಹಿತ್ತಲ ಕೋಣೆಯಲ್ಲಿ ತೊಟ್ಟಿಲು ಕಟ್ಟಿದರು. ತಾಯಿ ಮಗಳು ಇಬ್ಬರೂ ಅಲ್ಲೇ. ಮಲ್ಲಿಕಾಂಬ ಮಾತ್ರೆ ನುಂಗಿದಳು, ಹಾಲು ಕುಡಿಸಿದಳು, ತೊಟ್ಟಿಲ ಕೂಸಿನ ಜೊತೆ ದಿನವಿಡೀ ಮಾತಾಡಿದಳು. ಬೇರೆ ಯಾರ ಜೊತೆ ಆಡಬೇಕು?

ತಟ್ಟೆ ಒಳಗೆ ಬಂದದ್ದು ಮರುವರ್ಷದ ಗೌರಿ ಹಬ್ಬಕ್ಕೆ. ಯಾರೂ ತೀರ್ಮಾನ ಮಾಡಿ ತಂದದ್ದಲ್ಲ. ನೆಂಟರು ಹೆಚ್ಚಾಗಿ ತಟ್ಟೆ ಸಾಲಲಿಲ್ಲ. ತೀರ್ಥಮ್ಮ ಒಳಗಿನಿಂದ ಕೂಗಿದಳು, "ಲೇ ಮಲ್ಲಿಕಾಂಬ, ಹಿತ್ತಲಲ್ಲಿರೋದನ್ನೂ ತೊಳ್ಕೊಂಡು ಬಾ. ಹಂಗೇ ಬಡ್ಸೋಕೂ ನಿಂತ್ಕೋ, ನಂಗೆ ಸೊಂಟ ಹಿಡ್ಕೊಂಡೈತೆ."

ಅವಳು ತೊಳೆದು ತಂದಳು. ತಟ್ಟೆ ಉಳಿದ ತಟ್ಟೆಗಳ ಸಾಲಿಗೆ ಸೇರಿತು. ಕೂಸನ್ನು ಮಾವನ ತೊಡೆಗೆ ಕೊಟ್ಟು, ಸಾರಿನ ಪಾತ್ರೆ ಹಿಡಿದು ಪಂಕ್ತಿಯ ಮುಂದೆ ಬಗ್ಗಿದಳು. ಒಬ್ಬೊಬ್ಬರಿಗೂ ಬಡಿಸುತ್ತ ಬಂದಳು. ಬೆನಕಪ್ಪನ ಹತ್ತಿರ ಬಂದಾಗ ನೋಡಿದರೆ ಕಚ್ಚು ಬಿದ್ದ ಆ ತಟ್ಟೆ ಅವನ ಮುಂದೆಯೇ ಇತ್ತು. ಅವನು ಹೋಳಿಗೆ ಮುರಿಯುತ್ತ ಅಂಚಿನ ಮೇಲೆ ಬೆರಳು ಆಡಿಸಿ ತಡೆದ.

"ಇದ್ಯಾಕವ್ವ, ಈ ತಟ್ಟೆ ಹಿಂಗೆ ಕಿತ್ತೋಗೈತೆ?"

"ಕೆಳಗೆ ಬಿದ್ದಿತ್ತು," ಎಂದಳು ತೀರ್ಥಮ್ಮ ಒಲೆಯ ಕಡೆಯಿಂದ. "ಉಣ್ಣು."

ಮಲ್ಲಿಕಾಂಬ ಗಂಡನ ಮುಖವನ್ನು ನೋಡಿದಳು. ಅದರಲ್ಲಿ ಏನೂ ಇರಲಿಲ್ಲ. ನಿಜಕ್ಕೂ ಮರೆತಿದ್ದ.

"ಚುಚ್ಚುತ್ತಾ?" ಎಂದು ಕೇಳಿದಳು.

"ಏ, ಇಲ್ಲ. ಚುಚ್ಚಲ್ಲ," ಎಂದ ಅವನು. "ಸಾರು ಹಾಕು."

ಅವಳು ಸೌಟು ತಟ್ಟೆಗೆ ತಾಗುವಷ್ಟು ಬಗ್ಗಿ, ಒಂದು ಹನಿಯೂ ಚಿಮ್ಮದ ಹಾಗೆ ಬಡಿಸಿ, ಮುಂದಿನವರ ಹತ್ತಿರ ಹೋದಳು.